ಅಪ್ಪನ ನಿದ್ದೆಗೆ ಒಂದು ಲೀಟರ್ ನೀರು

ನಮ್ಮ ಮನೆಯ ಕಂಪ್ಯೂಟರಿಗೆ ನೀರು ಹಾಕುತ್ತೇವೆ ಅಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಗಾಬರಿಯಾಗುತ್ತಾರೆ. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ ನಲ್ಲಿ ನೀರು ಬರುವುದೇ ವಾರಕ್ಕೊಮ್ಮೆ. ಹಾಗಾಗಿ ಪಕ್ಕದ ಮನೆಯ ಕಾಕೂ, "ಮನಷ್ಯಾರಿಗೇ ನೀರಿಲ್ಲ, ನೀವು ಕಂಪ್ಯೂಟರಿಗೆ ಕುಡಸಾಕತ್ತೀರೇನು?" ಅಂತ ಕೇಳಿದ್ದರಲ್ಲಿ ತಪ್ಪೇನಿಲ್ಲ. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅದಕ್ಕೆ ಹಿಡಿಸುವುದು ಒಂದೇ ಲೀಟರ್, ಅದನ್ನೂ ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಇಂಥ ಕಂಪ್ಯೂಟರನ್ನು ಹೆಚ್ಚಿನವರು ಕಟ್ಟುವುದು ಗೇಮ್ ಆಡಲಿಕ್ಕೆ, ಇಲ್ಲವೇ ಬಣ್ಣದ ನೀರು ಗಾಜಿನ ಹಿಂದೆ ಹರಿಯುವುದನ್ನು ನೋಡಲಿಕ್ಕೆ. ನಾವು ಕಟ್ಟಿದ್ದು ಅಪ್ಪನ ನಿದ್ದೆಗಾಗಿ.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. 31 ವರ್ಷದ ಸರ್ವಿಸ್‌ನಲ್ಲಿ ಹೆಚ್ಚಿನದು ಹುಬ್ಬಳ್ಳಿ–ಕಾರವಾರ ರೂಟಿನಲ್ಲೇ ಹೋಯಿತು. ಎರಡು ವರ್ಷದ ಹಿಂದೆ ಅವರಿಗೆ ಬೈಪಾಸ್ ಆಯಿತು. ನಾನು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆಂದು ಒಪ್ಪಿಸಿ ಹುಬ್ಬಳ್ಳಿಗೆ ಬಂದೆ. ಡಾಕ್ಟರು ಬಿ.ಪಿ. ಮಾತ್ರೆ ಬರೆದುಕೊಟ್ಟು, "ನಿದ್ದಿ ಕೆಡಬಾರದು ನೋಡ್ರಿ" ಅಂದಿದ್ದರು. ಬಚ್ಚಲಮನೆಗೆ ಹತ್ತಿರ, ಗಾಳಿಯೂ ಬರುತ್ತದೆ ಅಂತ ಅಪ್ಪನ ಮಂಚವನ್ನು ಪಡಸಾಲೆಗೆ ಹಾಕಿದೆವು. ಪಡಸಾಲೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ತಂಗಿಯ ಕಂಪ್ಯೂಟರ್. ನಡುವೆ ಇರುವುದು ಒಂದು ಹಳೆಯ ಬಾಗಿಲು ಮಾತ್ರ.

ತಂಗಿ ಆರ್ಕಿಟೆಕ್ಟ್‌ಗಳಿಗೆ ತ್ರೀಡಿ ವಿಡಿಯೊ ಮಾಡಿಕೊಡುತ್ತಾಳೆ. ಇನ್ನೂ ಕಟ್ಟದ ಮನೆಯೊಳಗೆ ನಾವೇ ನಡೆದು ಹೋದಂತೆ ಕಾಣುವ ವಿಡಿಯೊ. ಒಂದು ಸೆಕೆಂಡಿಗೆ 25 ಚಿತ್ರ, ಒಂದು ನಿಮಿಷಕ್ಕೆ 1,500. ಒಂದೊಂದು ಚಿತ್ರ ತಯಾರಾಗಲು ಎರಡು ನಿಮಿಷ ಹಿಡಿದರೂ ಒಟ್ಟು 50 ತಾಸು ಆಯಿತು. ಹಗಲಿಡೀ ಅದೇ ಯಂತ್ರದಲ್ಲಿ ಅವಳು ಕೆಲಸ ಮಾಡಬೇಕು, ಹಾಗಾಗಿ ರೆಂಡರಿಂಗ್ ರಾತ್ರಿಯೇ ನಡೆಯಬೇಕು. ಒಂದು ನಿಮಿಷದ ವಿಡಿಯೊಗೆ ಆರೇಳು ರಾತ್ರಿ ಕಂಪ್ಯೂಟರ್ ಓಡುತ್ತದೆ.

ನಿದ್ದೆ ಆಗುತ್ತಿಲ್ಲ ಅಂತ ಅಪ್ಪ ಒಂದು ದಿನವೂ ಬಾಯಿಬಿಡಲಿಲ್ಲ. ಮಗಳ ದುಡಿಮೆಗೆ ತಾನು ಅಡ್ಡ ಬಂದಂತಾಗುತ್ತದೆ ಅನ್ನುವ ಸಂಕೋಚ. ಹೇಳಿದ್ದು ಅವ್ವ. ತಂಗಿ ಅವತ್ತೇ, "ನಾ ಬ್ಯಾರೆ ಕಡೆ ರೂಮ್ ಮಾಡ್ತೀನಿ" ಅಂದಳು. ತಿಂಗಳಿಗೆ ಆರು ಸಾವಿರ ಬಾಡಿಗೆ, ಅಲ್ಲೊಂದು ಇಂಟರ್ನೆಟ್ ಕನೆಕ್ಷನ್. ಅದಕ್ಕಿಂತ ಹೆಚ್ಚಾಗಿ, ರಾತ್ರಿ ರೆಂಡರಿಂಗ್ ನಿಂತುಬಿಟ್ಟರೆ ಹೋಗಿ ನೋಡುವವರು ಯಾರು? ಆಗ ತಾನೇ ನಾಲ್ಕು ಜನ ಗುರುತಿಸಲು ಶುರುಮಾಡಿದ್ದ ಅವಳ ಕೆಲಸಕ್ಕೆ ಇದು ದೊಡ್ಡ ಪೆಟ್ಟು.

ನಾನು ಎರಡು ರಾತ್ರಿ ಅಪ್ಪನ ಪಕ್ಕದಲ್ಲೇ ಹಾಸಿಕೊಂಡು ಮಲಗಿ ಗಮನಿಸಿದೆ. ಕಂಪ್ಯೂಟರ್ ಒಂದು ಚಿತ್ರ ಮಾಡುವಾಗ ಫ್ಯಾನುಗಳು ಭರ್ ಅಂತ ಏರುತ್ತವೆ. ಮುಗಿದ ಮೇಲೆ ಮುಂದಿನ ಚಿತ್ರದ ಮಾಹಿತಿ ಜೋಡಿಸಿಕೊಳ್ಳುವ ಹತ್ತು ಸೆಕೆಂಡು ಗ್ರಾಫಿಕ್ಸ್ ಕಾರ್ಡಿಗೆ ಕೆಲಸವಿಲ್ಲ, ಫ್ಯಾನು ಇಳಿಯುತ್ತದೆ. ಮತ್ತೆ ಏರುತ್ತದೆ. ರಾತ್ರಿಯಿಡೀ ಇದೇ. ಪ್ರತಿ ಸಲ ಇಳಿದಾಗಲೂ ಅಪ್ಪನ ಕಣ್ಣು ತೆರೆಯುತ್ತಿತ್ತು. ಕೇಳಿದ್ದಕ್ಕೆ, "ಸಪ್ಪಳ ಆದ್ರ ಏನಾಗೂದಿಲ್ಲೋ ತಮ್ಮಾ. ಸಪ್ಪಳ ಬದಲಾತು ಅಂದ್ರ ಕಣ್ಣ ತಾನ ಬಿಚ್ಚತಾವ" ಅಂದರು. ಹಳೇ ಬಸ್ಸುಗಳಲ್ಲಿ ಎಂಜಿನ್ ಇರುತ್ತಿದ್ದದ್ದು ಡ್ರೈವರನ ಎಡ ಮಗ್ಗುಲಲ್ಲೇ. ಅಂಕೋಲಾ ಕಡೆಯಿಂದ ಅರಬೈಲು ಘಟ್ಟ ಹತ್ತುವಾಗ ಎಂಜಿನ್ ಸದ್ದು ಒಂದಿಷ್ಟು ಬೇರೆಯಾದರೂ ಅದು ಏನೋ ಹೇಳುತ್ತಿದೆ ಅಂತಲೇ ಅರ್ಥ. 31 ವರ್ಷ ಹಾಗೆ ಕೇಳಿದ ಕಿವಿಗೆ ಈಗ ಸುಮ್ಮನಿರು ಅಂದರೆ ಇದ್ದೀತೇ?

ಅಂದರೆ ನಮಗೆ ಬೇಕಾಗಿದ್ದದ್ದು ಸದ್ದೇ ಇಲ್ಲದ ಯಂತ್ರ ಅಲ್ಲ, ಸದ್ದು ಬದಲಾಗದ ಯಂತ್ರ. ಇದು ಗೊತ್ತಾದ ಮೇಲೆ ಲೆಕ್ಕ ಸುಲಭವಾಯಿತು.

ಮೊದಲು ಗಾಳಿಯ ವಿಷಯ. ಅಂಗಡಿಯವರು ಜೋಡಿಸಿಕೊಟ್ಟಿದ್ದ ಕ್ಯಾಬಿನೆಟ್ಟಿನ ಮುಂಭಾಗಕ್ಕೆ ಪೂರ್ತಿ ಗಾಜು, ಅದರ ಹಿಂದೆ ಬಣ್ಣದ ದೀಪದ ಮೂರು ಫ್ಯಾನು. ನೋಡಲು ದಸರಾ ಪೆಂಡಾಲು. ಆದರೆ ಗಾಜಿನ ಹಿಂದಿನ ಫ್ಯಾನು ಗಾಳಿ ಎಳೆಯುವುದು ಎಲ್ಲಿಂದ? ಪಕ್ಕದ ಎರಡು ಬೆರಳಿನ ಸಂದಿಯಿಂದ. ಗಾಜು ತೆಗೆದಿಟ್ಟು ನೋಡಿದರೆ ಕಾರ್ಡಿನ ಉಷ್ಣತೆ ಒಂಬತ್ತು ಡಿಗ್ರಿ ಇಳಿಯಿತು, ಒಂದು ಪೈಸೆ ಖರ್ಚಿಲ್ಲದೆ. ನಿಮ್ಮ ಮನೆಯ ಕಂಪ್ಯೂಟರ್ ಬುಸುಗುಡುತ್ತಿದ್ದರೆ ಮೊದಲು ಅದರ ಮುಂಭಾಗ ನೋಡಿ, ಆಮೇಲೆ ಧೂಳು ನೋಡಿ. ಹತ್ತರಲ್ಲಿ ಎಂಟು ಜನರಿಗೆ ನೀರಿನ ಗೊಡವೆಯೇ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್ಟು, ಒಂದು ಒಳ್ಳೆಯ ಏರ್ ಕೂಲರ್ ಇದ್ದರೆ ಸಾಕು.

ನಮಗೆ ಅಷ್ಟು ಸಾಲಲಿಲ್ಲ. ಸದ್ದು ಕಡಿಮೆಯಾಯಿತೇ ಹೊರತು ಏರಿಳಿತ ನಿಲ್ಲಲಿಲ್ಲ. ತಂಗಿಯ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3090 ಕಾರ್ಡ್. 24 ಜಿಬಿ ಮೆಮೊರಿ ಇದೆ ಅಂತ ಹುಡುಕಿ ತಂದದ್ದು. ಅದೊಂದೇ 350 ವ್ಯಾಟ್ ಎಳೆಯುತ್ತದೆ, ಇಡೀ ಯಂತ್ರ ಸೇರಿ ಹತ್ತಿರ ಹತ್ತಿರ 500. ಬೆರಳ ಉಗುರಿಗಿಂತ ದೊಡ್ಡ ಚಿಪ್ಪು, ಮೇಲೆ ಒಂದಿಷ್ಟು ಲೋಹ. ಕೆಲಸ ಶುರುವಾದರೆ ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ, ಬಿಟ್ಟರೆ ಅಷ್ಟೇ ಬೇಗ ಆರುತ್ತದೆ. ಫ್ಯಾನು ಅದನ್ನೇ ನೋಡಿಕೊಂಡು ಕುಣಿಯುತ್ತದೆ.

ನೀರು ಹಾಗಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,200 ಜೂಲ್ ಶಾಖ ಬೇಕು. ಒಂದು ಲೀಟರ್ ಗಾಳಿಗೆ 1.2 ಜೂಲ್ ಸಾಕು. ಒಂದಕ್ಕೆ ಮೂರೂವರೆ ಸಾವಿರ ಪಟ್ಟು. 350 ವ್ಯಾಟ್ ಪೂರ್ತಿ ನೀರಿಗೇ ಸುರಿದರೂ ಅದು ಒಂದು ಡಿಗ್ರಿ ಏರಲು 12 ಸೆಕೆಂಡ್ ಬೇಕು. ಎರಡು ಚಿತ್ರಗಳ ನಡುವಿನ ಹತ್ತು ಸೆಕೆಂಡಿನಲ್ಲಿ ಅದು ಒಂದು ಡಿಗ್ರಿಯೂ ಇಳಿಯುವುದಿಲ್ಲ. ಫ್ಯಾನುಗಳನ್ನು ಚಿಪ್ಪಿನ ಉಷ್ಣತೆಗೆ ಕಟ್ಟದೆ ನೀರಿನ ಉಷ್ಣತೆಗೆ ಕಟ್ಟಿದರೆ ಅವು ರಾತ್ರಿಯಿಡೀ ಒಂದೇ ವೇಗದಲ್ಲಿ ತಿರುಗುತ್ತವೆ. ನನಗೆ ಬೇಕಾಗಿದ್ದದ್ದು ನೀರಿನ ತಂಪಲ್ಲ, ಅದರ ನಿಧಾನ.

ತಂಪು ಅನ್ನುವುದನ್ನೂ ಇಲ್ಲಿ ಬಿಡಿಸಿ ಹೇಳಬೇಕು. ನೀರು ಏನನ್ನೂ ತಣ್ಣಗೆ ಮಾಡುವುದಿಲ್ಲ. ಚಿಪ್ಪಿನ ಮೇಲೆ ಕೂತ ತಾಮ್ರದ ಬ್ಲಾಕಿನಿಂದ ಶಾಖ ಎತ್ತಿಕೊಂಡು ರೇಡಿಯೇಟರಿಗೆ ಒಯ್ಯುತ್ತದೆ, ಅಷ್ಟೇ. ಅಲ್ಲಿ ಅದನ್ನು ಬಿಡಿಸಿಕೊಳ್ಳಬೇಕಾದದ್ದು ಗಾಳಿಯೇ. 500 ವ್ಯಾಟ್ ಶಾಖವನ್ನು ಗಾಳಿ ಹತ್ತು ಡಿಗ್ರಿ ಮಾತ್ರ ಬಿಸಿಯಾಗಿ ಹೊತ್ತೊಯ್ಯಬೇಕಾದರೆ ಸೆಕೆಂಡಿಗೆ ಸುಮಾರು 40 ಲೀಟರ್ ಗಾಳಿ ಬೇಕು. ಸೆಕೆಂಡಿಗೆ ಮೂರು ಕೊಡ ಗಾಳಿ ಅಂದುಕೊಳ್ಳಿ. ಇದನ್ನು ನಾನು ಕಾಗದದ ಮೇಲೆ ಬರೆದು ಅಪ್ಪನಿಗೆ ತೋರಿಸಿದರೆ ಅವರು, "ಇದರಾಗೇನ್ ಹೊಸಾದೈತಿ? ರೇಡಿಯೇಟರ್ ಮುಂದ ಗಾಳಿ ಇಲ್ಲಂದ್ರ ನೀರ ಕುದೀತದ" ಅಂದರು. ನಾಲ್ಕು ವರ್ಷದ ಎಂಜಿನಿಯರಿಂಗ್ ಓದಿ ಬಂದವನಿಗೆ ಇಷ್ಟು ಚಿಕ್ಕ ಉತ್ತರ ಹೊಳೆಯುವುದಿಲ್ಲ ಬಿಡಿ.

ಫ್ಯಾನಿನ ಸದ್ದಿಗೂ ಒಂದು ಲೆಕ್ಕವಿದೆ. ವೇಗ ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಕಡಿಮೆಯಾಗುತ್ತದೆ. ಫ್ಯಾನುಗಳ ಸಂಖ್ಯೆ ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬೆಲ್ ಮಾತ್ರ. ಅಂದರೆ ಓಡುವ ಎರಡು ಫ್ಯಾನಿಗಿಂತ ನಡೆಯುವ ಆರು ಫ್ಯಾನು ಮೇಲು. ಹಾಗಾಗಿ 360 ಮಿಲಿಮೀಟರಿನ ಎರಡು ರೇಡಿಯೇಟರ್, ಒಂದೊಂದಕ್ಕೆ ಮೂರು ಫ್ಯಾನು ಅಂತ ತೀರ್ಮಾನಿಸಿದೆವು. ಮುಂದಿನದು ಗಾಳಿ ಒಳಗೆ ಎಳೆಯುತ್ತದೆ, ಮೇಲಿನದು ಹೊರಗೆ ದೂಡುತ್ತದೆ. ಹಿಂದಿನ ಒಂದು ಫ್ಯಾನನ್ನು ವಾಡಿಕೆಗೆ ವಿರುದ್ಧವಾಗಿ ಒಳಮುಖ ತಿರುಗಿಸಿದೆ. ಇಲ್ಲದಿದ್ದರೆ ಮೇಲಿನ ರೇಡಿಯೇಟರಿಗೆ ಸಿಗುವುದು ಮುಂದಿನದರ ಎಂಜಲು ಗಾಳಿ ಮಾತ್ರ.

ಪಂಪು, ನೀರಿನ ಡಬ್ಬಿ, ಎರಡು ಬ್ಲಾಕು, ಪೈಪು, ಫಿಟ್ಟಿಂಗು ಎಲ್ಲ ಸೇರಿ 58 ಸಾವಿರ ಆಯಿತು. ಅರ್ಧ ನಾನು, ಅರ್ಧ ತಂಗಿ. ಹತ್ತು ತಿಂಗಳ ಬಾಡಿಗೆ ಅಂತ ಅವ್ವನಿಗೆ ಹೇಳಿದೆವು. ಸಣ್ಣ ಸಣ್ಣ ಹಿತ್ತಾಳೆ ಫಿಟ್ಟಿಂಗುಗಳೇ ಎಷ್ಟು ದುಡ್ಡು ತಿಂದವು ಅನ್ನುವುದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಗಾಜಿನಂತೆ ಕಾಣುವ ಗಟ್ಟಿ ಪೈಪನ್ನು ಬಿಸಿಮಾಡಿ ಬಾಗಿಸುವ ಗೋಜಿಗೆ ಹೋಗದೆ ಮೆತ್ತನೆಯ ಪೈಪನ್ನೇ ತರಿಸಿದೆ. ಮುಂದೆ ಬಿಚ್ಚಿ ಸ್ವಚ್ಛ ಮಾಡುವಾಗ ಅದೇ ಅನುಕೂಲ. ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ: ರೇಡಿಯೇಟರ್ ತಾಮ್ರದ್ದೇ ಆಗಬೇಕು. ಒಂದೇ ನೀರಿನಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ಎರಡೂ ಇದ್ದರೆ ಅದು ಬ್ಯಾಟರಿಯಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನೀರೂ ನಲ್ಲಿಯದಲ್ಲ, ಡಿಸ್ಟಿಲ್ಡ್ ವಾಟರ್. ಅದಕ್ಕೆ ತುಕ್ಕು, ಪಾಚಿ ತಡೆಯುವ ದ್ರಾವಣ ಬೆರೆಸಬೇಕು. ನಲ್ಲಿ ನೀರಿನ ಸುಣ್ಣ ಬ್ಲಾಕಿನ ಕೂದಲೆಳೆಯಷ್ಟು ಸಣ್ಣ ಸಂದಿಗಳಲ್ಲಿ ಕೂತರೆ ಕಥೆ ಮುಗಿಯಿತು.

ಜೋಡಿಸಲು ಶನಿವಾರ, ಭಾನುವಾರ ಎರಡೂ ಬೇಕಾದವು. ಅಪ್ಪ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತರು. ಭಾರ ಎತ್ತುವಂತಿಲ್ಲ, ಮಾತಾಡಬಹುದಲ್ಲ. ರೇಡಿಯೇಟರಿನ ಅಂಚಿಗೂ ಕ್ಯಾಬಿನೆಟ್ಟಿಗೂ ನಡುವೆ ಒಂದು ಬೆರಳು ಸಂದಿ ಉಳಿದಿದ್ದನ್ನು ಕಂಡವರು ಅವರೇ. "ಬಸ್ಸಿನ್ಯಾಗ ಫ್ಯಾನಿನ ಸುತ್ತ ತಗಡಿನ ಬಳಿ ಇರ್ತದ. ಅದು ಮುರದ್ರ ಗಾಳಿ ರೇಡಿಯೇಟರ್ ಬಿಟ್ಟು ಬಾಜೂದಾಗಿಂದ ಹೊಕ್ಕೈತಿ, ಗಾಡಿ ಕಾಯ್ತದ" ಅಂದರು. ಬಾಗಿಲಿನ ಸಂದಿಗೆ ಅಂಟಿಸುವ ಸ್ಪಂಜಿನ ಪಟ್ಟಿ ತಂದು ಸುತ್ತಲೂ ಮುಚ್ಚಿದೆವು.

ನೀರು ತುಂಬುವ ಹೊತ್ತಿಗೆ ಅವ್ವ ದೇವರ ಮನೆಯ ಕಡೆ ನೋಡಿದರು. ಆ ಹೊತ್ತಿನಲ್ಲಿ ಮದರ್‌ಬೋರ್ಡಿಗೂ ಕಾರ್ಡಿಗೂ ಕರೆಂಟು ಇರುವುದಿಲ್ಲ, ಓಡುವುದು ಪಂಪ್ ಒಂದೇ. ಪ್ರತಿ ಫಿಟ್ಟಿಂಗಿನ ಕೆಳಗೂ ಟಿಶ್ಯೂ ಪೇಪರ್ ಹಾಸಿ 24 ತಾಸು ಬಿಡಬೇಕು. ಶುದ್ಧ ನೀರಿನಲ್ಲಿ ಕರೆಂಟು ಹೆಚ್ಚು ಹರಿಯುವುದಿಲ್ಲ ಅನ್ನುವುದು ನಿಜ, ಆದರೆ ಬೋರ್ಡಿನ ಮೇಲಿನ ಧೂಳು ಕಲಸಿದ ಮೇಲೆ ಅದು ಶುದ್ಧ ನೀರಲ್ಲ. ಅದನ್ನು ನಂಬಿ ಕೂರುವಂತಿಲ್ಲ. ಮೂರನೇ ತಾಸಿಗೆ ಕಾರ್ಡಿನ ಕೆಳಗಿನ ಕಾಗದದಲ್ಲಿ ಎಂಟಾಣೆ ಅಗಲದ ಒದ್ದೆ ಕಾಣಿಸಿತು. ಬಿಚ್ಚಿ ನೋಡಿದರೆ ಆ ಫಿಟ್ಟಿಂಗಿನ ರಬ್ಬರ್ ರಿಂಗು ಪ್ಯಾಕೆಟ್ಟಿನಿಂದಲೇ ಸೀಳಿ ಬಂದಿತ್ತು. ಬೇರೆ ರಿಂಗು ಹಾಕಿ, ಗಡಿಯಾರ ಮತ್ತೆ ಮೊದಲಿನಿಂದ. ಒಳಗೆ ಗುಳುಗುಳು ಸದ್ದು ಬೇರೆ. "ಏರ್ ಹಿಡದದ. ಡೀಸಲ್ ಲೈನಿನಾಗೂ ಹಿಂಗ ಆಗ್ತದ" ಅಂದರು ಅಪ್ಪ. ಕ್ಯಾಬಿನೆಟ್ಟನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ಗುಳ್ಳೆಗಳನ್ನೆಲ್ಲ ಡಬ್ಬಿಗೆ ಹತ್ತಿಸಿದ ಮೇಲೆ ಸದ್ದು ನಿಂತಿತು. ಪಂಪಿನ ನಡುಕ ಟೇಬಲ್ಲಿಗೆ ಇಳಿಯದಂತೆ ಅಡಿಗೆ ದಪ್ಪ ಸ್ಪಂಜು ಇಟ್ಟೆವು.

ಈಗ ಫ್ಯಾನುಗಳು ರಾತ್ರಿಯಿಡೀ ನಿಮಿಷಕ್ಕೆ 750 ಸುತ್ತಿನಲ್ಲಿ ತಿರುಗುತ್ತವೆ. ಮೊದಲು 80 ದಾಟುತ್ತಿದ್ದ ಕಾರ್ಡು 55ರ ಆಸುಪಾಸಿನಲ್ಲಿರುತ್ತದೆ. ಕೋಣೆ 29 ಡಿಗ್ರಿ ಇದ್ದರೆ ನೀರು 40. ಮೊದಲ ರಾತ್ರಿ ಅಪ್ಪ ಎದ್ದದ್ದು ಒಂದೇ ಸಲ, ಅದೂ ಕರೆಂಟು ಹೋಗಿ ಯುಪಿಎಸ್ ಕೂಗಿದ್ದಕ್ಕೆ. ಅದರ ಬಾಯಿಗೆ ಸೆಲೊ ಟೇಪ್ ಅಂಟಿಸಿದ್ದೇವೆ.

ಬೇಸಿಗೆಯ ತಕರಾರು ಮಾತ್ರ ನೀರಿನಿಂದ ಬಗೆಹರಿಯುವಂಥದ್ದಲ್ಲ. ಎಂಟು ತಾಸಿಗೆ ನಾಲ್ಕು ಯುನಿಟ್ ಕರೆಂಟು ಒಳಗೆ ಹೋದರೆ ಅಷ್ಟೂ ಶಾಖವಾಗಿ ಅದೇ ಕೋಣೆಗೆ ಬರುತ್ತದೆ. ಯಾವ ಬಗೆಯ ಕೂಲರ್ ಹಾಕಿದರೂ ಅದರಲ್ಲಿ ಒಂದು ಯುನಿಟ್ಟೂ ಕಡಿಮೆಯಾಗದು, ನೀರು ಕೋಣೆಗಿಂತ ತಣ್ಣಗಾಗುವುದೂ ಇಲ್ಲ. ಕಳೆದ ಏಪ್ರಿಲ್‌ನಲ್ಲಿ ಕೋಣೆ 38ಕ್ಕೆ ಹೋದಾಗ ನೀರು 49 ಮುಟ್ಟಿತು, ಫ್ಯಾನಿನ ವೇಗವೂ ಏರಿತು. ಆಗ ಅಪ್ಪ ಡಿಪೋದ ಹಳೆಯ ಮೆಕ್ಯಾನಿಕ್ ಗೆಳೆಯನೊಬ್ಬನನ್ನು ಕರೆಸಿ, ಮೇಲಿನ ರೇಡಿಯೇಟರಿನಿಂದ ಕಿಟಕಿಯವರೆಗೆ ಒಂದು ಅಗಲವಾದ ತಗಡಿನ ಗೂಡು ಮಾಡಿಸಿದರು. ಗಾಳಿಗೆ ಅಡ್ಡಿಯಾಗದಂತೆ ಬಾಯಿ ದೊಡ್ಡದಿರಬೇಕು ಅನ್ನುವುದೊಂದೇ ನಾನು ಕೊಟ್ಟ ಸಲಹೆ. ನೋಡಲು ಚೆಂದವಿಲ್ಲ. ತಂಗಿ ಗಿರಾಕಿಗಳ ಜೊತೆ ವಿಡಿಯೊ ಕಾಲ್ ಮಾಡುವಾಗ ಅದರ ಮೇಲೆ ದುಪ್ಪಟ್ಟಾ ಹೊದಿಸುತ್ತಾಳೆ, ಕಾಲ್ ಮುಗಿದೊಡನೆ ತೆಗೆಯುತ್ತಾಳೆ. ಬಿಸಿಗಾಳಿ ಈಗ ಹಿತ್ತಲಿನ ಕರಿಬೇವಿನ ಗಿಡದ ಕಡೆ ಹೋಗುತ್ತದೆ. ಗಿಡ ಇನ್ನೂ ಚೆನ್ನಾಗಿಯೇ ಇದೆ.

ಮೆತ್ತನೆಯ ಪೈಪಿನ ಗೋಡೆಯಿಂದ ನೀರು ಕಣ್ಣಿಗೆ ಕಾಣದಷ್ಟು ಆವಿಯಾಗಿ ಹೋಗುತ್ತದೆ. ಹಾಗಾಗಿ ತಿಂಗಳುಗಳು ಕಳೆದಂತೆ ಡಬ್ಬಿಯ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅಪ್ಪ ಡಬ್ಬಿಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದಿದ್ದಾರೆ. ರಾತ್ರಿ ಮಾತ್ರೆ ತೆಗೆದುಕೊಂಡ ಮೇಲೆ ಟಾರ್ಚ್ ಹಿಡಿದು ಕೋಣೆಗೆ ಹೋಗಿ, ಗೆರೆ ನೋಡಿ, ಪೈಪಿನ ಜೋಡಣೆಗಳಿಗೆಲ್ಲ ಬೆರಳು ತಾಗಿಸಿ ಬಂದು ಮಲಗುತ್ತಾರೆ. ಮೊನ್ನೆ ನನ್ನನ್ನು ಕರೆದು, "ಗೆರಿಗಿಂತ ಎರಡು ನೂಲು ಕೆಳಗ ಬಂದೈತಿ ನೋಡು. ಆ ನೀರಿನ ಬಾಟ್ಲಿ ಎಲ್ಲಿಟ್ಟೀ?" ಅಂದರು.