ಕಾವು

ವರ್ತಕ ನಗರದ ನಮ್ಮ ನಾಲ್ಕನೆಯ ಮಹಡಿಯ ಮನೆಗೆ ಬೆಳಗು ಬರುವುದು ಹಾಲಿನವನ ಕರೆಗಂಟೆಯೊಡನೆ. ತೀರ್ಥಹಳ್ಳಿ ಬಳಿಯ ಊರಮನೆಯಲ್ಲಿ ಅದು ಅವ್ವನ ಹುಂಜದ ಕೂಗಿನೊಡನೆ ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ, ಠಾಣೆಗೆ ಬಂದುಬಿಡು ಎಂದು ಕರೆದಾಗಲೆಲ್ಲ ಅವಳದು ಒಂದೇ ಉತ್ತರ: "ಸಂಜೆ ಗೂಡು ಮುಚ್ಚೋರು ಯಾರು, ಮಗಾ?" ತನ್ನ ಕೋಳಿ ಕೂಗದೆ ಊರಿಗೆ ಬೆಳಗಾಗದೆಂದು ನಂಬಿದ್ದ ಮುದುಕಿಯ ಕತೆ ನೆನಪಿಸಿ ನಾನು ನಗುತ್ತಿದ್ದೆ.

ಅವಳಲ್ಲಿದ್ದದ್ದು ಹತ್ತು ಹನ್ನೆರಡು ನಾಟಿ ಕೋಳಿಗಳು. ಹದಿನೈದು ಮೊಟ್ಟೆಯಿಟ್ಟರೆ ಕಾವಿಗೆ ಕೂರುವ ಜಾತಿ. ಲಾಭದ ಲೆಕ್ಕ ಹಾಕಿ, ಒಮ್ಮೆ ರಜೆಯಲ್ಲಿ ಎಂಟು ಗಿರಿರಾಜ ಮರಿಗಳನ್ನು ತಂದುಕೊಟ್ಟೆ. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿಯದು. ಮೊಟ್ಟೆಗೂ ಸೈ, ಮಾಂಸಕ್ಕೂ ಸೈ. ವರ್ಷಕ್ಕೆ 130ರಿಂದ 150 ಮೊಟ್ಟೆ.

ಅವ್ವ ಮರಿಗಳನ್ನು ಎತ್ತಿ ನೋಡಿ ಕೇಳಿದಳು: "ಇವು ಕಾವಿಗೆ ಕೂರ್ತಾವಾ?"

ಕೂರುವುದಿಲ್ಲ. ಕಾವಿಗೆ ಕುಳಿತ ಹೇಂಟೆ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಹೆಚ್ಚು ಮೊಟ್ಟೆಗೆಂದು ಆರಿಸುತ್ತ ಬಂದ ತಳಿಗಳಲ್ಲಿ ಆ ಗುಣವೇ ಕುಂದುತ್ತದೆ. ಮೇಲಾಗಿ ಇದು ಮಿಶ್ರತಳಿ. ಇದರ ಮರಿಗಳಲ್ಲಿ ಅದೇ ಇಳುವರಿ ಉಳಿಯದು. ಮತ್ತೆ ಹೊಸ ಮರಿ ತರಬೇಕು. ಅವ್ವ ಏನೂ ಹೇಳದೆ ನುಚ್ಚು ತರಲು ಒಳಗೆ ಹೋದಳು.

ಮರು ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂತು. ಲಸಿಕೆಗೆ ಏರ್ಪಾಡು ಮಾಡುವೆನೆಂದು ಹೇಳಿದ್ದವನು ನಾನೇ. ಅದು ಫೋನಿನ ಮಾತಾಗಿಯೇ ಉಳಿದಿತ್ತು. ಕತ್ತು ತಿರುಚಿಕೊಂಡು ಒಂದೊಂದೇ ಬಿದ್ದವು. ಅವ್ವ ಒಬ್ಬಳೇ ಗುಂಡಿ ತೋಡಿ, ಸುಣ್ಣ ಹಾಕಿ ಹೂತಳು. ಉಳಿದದ್ದು ಎರಡು ಗಿರಿರಾಜ ಹೇಂಟೆ, ಒಂದು ಚುಕ್ಕೆಯ ನಾಟಿ ಹೇಂಟೆ. ಇನ್ನಾದರೂ ಅವಳು ಹೊರಟು ಬರಬಹುದೆಂದು ನನ್ನ ಮನಸ್ಸು ಒಳಗೊಳಗೇ ಲೆಕ್ಕ ಹಾಕಿತು. ಅದನ್ನು ಒಪ್ಪಿಕೊಳ್ಳಲು ಇಂದಿಗೂ ನಾಚಿಕೆ.

ಮಳೆ ಕಳೆದ ಮೇಲೆ ಊರಿಗೆ ಹೋದಾಗ ಜಗಲಿಯ ಮೂಲೆಯ ಬುಟ್ಟಿಯಲ್ಲಿ ಚುಕ್ಕೆ ಹೇಂಟೆ ಗರಿಯುಬ್ಬಿಸಿ ಕುಳಿತಿತ್ತು. ಅದರಡಿ ಒಂಬತ್ತು ಗಿರಿರಾಜದ ಮೊಟ್ಟೆಗಳು. ಹುಂಜ ಪಕ್ಕದ ಮನೆಯದು. ಇಪ್ಪತ್ತೊಂದನೆಯ ದಿನ ಏಳು ಮರಿಗಳೊಡೆದವು.

"ಬೇರೆಯದರ ಮೊಟ್ಟೆ ಅಂತ ಅದಕ್ಕೆ ಗೊತ್ತಾಗಲ್ವಾ?" ಎಂದೆ.

"ಅದು ಕೇಳೋದಿಲ್ಲ, ಮಗಾ. ಕೂರ್ತದೆ."

ಈ ಸಲ ಲಸಿಕೆ ಹಾಕಿಸಿದ ಮೇಲೆಯೇ ರೈಲು ಹತ್ತಿದೆ. ಈಗ ದಿನವೂ ಸಂಜೆ ಏಳಕ್ಕೆ ಫೋನು ಮಾಡಿ ಮೊದಲು ಕೇಳುವುದು, "ಗೂಡು ಮುಚ್ಚಿದೆಯಾ?" ಠಾಣೆಗೆ ಯಾವಾಗ ಬರುತ್ತೀ ಎಂದು ಕೇಳುವುದನ್ನು ಬಿಟ್ಟಿದ್ದೇನೆ.