ಹೊಸ ರ‍್ಯಾಮ್, ನೀಲಿ ಸ್ಕ್ರೀನ್ (ಭಾಗ 3)

ರ‍್ಯಾಮ್ ಹಾಕಿಸಿದ್ಮೇಲೆ ಪಿಸಿ ಪದೇ ಪದೇ ಕ್ರ್ಯಾಶ್ ಆಗ್ತಿದೆಯಾ? ಹಾಗಾದ್ರೆ ಮೊದಲು ಅದರಲ್ಲಿ ಕೆಲಸ ಮಾಡೋದು ನಿಲ್ಲಿಸಿ. ರಿಪೇರಿ ಆಮೇಲೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಇದೆ, ಟೀ ಹಿಡ್ಕೊಂಡು ಓದಿ.

ಅಕ್ಕನ ಡೆಸ್ಕ್‌ಟಾಪ್‌ಗೆ 4 ಜಿಬಿ ಜೊತೆ ಇನ್ನೊಂದು 8 ಜಿಬಿ ಹಾಕಿಸಿದ್ದು ಕಳೆದ ಭಾಗದಲ್ಲಿ ಓದಿದ್ದೀರಿ. ಅಕ್ಕ ತಿಪಟೂರಿನಲ್ಲಿ ಮನೆಯಿಂದಲೇ ಅಂಗಡಿಗಳ ಲೆಕ್ಕ ಬರೀತಾಳೆ. ಇಬ್ಬರು ಕೊಬ್ಬರಿ ವ್ಯಾಪಾರಿಗಳು, ಒಂದು ಮೆಡಿಕಲ್, ಒಂದು ಹಾರ್ಡ್‌ವೇರ್ ಅಂಗಡಿ. ಎಲ್ಲಾ ಟ್ಯಾಲಿಯಲ್ಲೇ. ತಿಂಗಳ 20ನೇ ತಾರೀಕಿನೊಳಗೆ ಜಿಎಸ್‌ಟಿಆರ್-3ಬಿ ಹೋಗಬೇಕು. ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿ ತೆರಿಗೆ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ. ನಮ್ಮ ಕ್ಲಾಸಿನವರಿಗೆ ಇದು ಎಕ್ಸಾಮ್‌ನಲ್ಲಿ ಬರೆಯೋ ಉತ್ತರ. ಅಕ್ಕಂಗೆ ಗಿರಾಕಿ ಉಳೀತಾರಾ ಹೋಗ್ತಾರಾ ಅನ್ನೋ ಪ್ರಶ್ನೆ.

ರ‍್ಯಾಮ್ ಹಾಕಿದ್ದು 12ಕ್ಕೆ. 13ರಿಂದ ನೀಲಿ ಸ್ಕ್ರೀನ್ ಶುರು. ಒಂದ್ಸಲ 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತ ಕೋಡ್, ಇನ್ನೊಂದ್ಸಲ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ', ಮತ್ತೊಂದ್ಸಲ ಏನೂ ಹೇಳದೆ ರೀಸ್ಟಾರ್ಟ್. ಈ ಕೋಡ್ ಬದಲಾಗೋದನ್ನ ಗಮನಿಸಿ. ಡ್ರೈವರ್ ಸಮಸ್ಯೆ ಆಗಿದ್ರೆ ಸಾಮಾನ್ಯವಾಗಿ ಒಂದೇ ಕೋಡ್, ಒಂದೇ ಥರದ ಕೆಲಸ ಮಾಡುವಾಗ ಬರುತ್ತೆ. ಪ್ರತಿ ಸಲ ಬೇರೆ ಬೇರೆ ಬಂದ್ರೆ ರ‍್ಯಾಮ್ ಮೇಲೆ ಅನುಮಾನ ಪಡಿ.

ಅಂಗಡಿಯವರು ಫೋನಲ್ಲೇ ತೀರ್ಪು ಕೊಟ್ರು, "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡೋಣ." ಮಾರನೇ ದಿನ, "ಮದರ್‌ಬೋರ್ಡೇ ವೀಕು." ಮೊನ್ನೆವರೆಗೂ ಚೆನ್ನಾಗಿದ್ದ ಬೋರ್ಡು ಕರೆಕ್ಟಾಗಿ ರ‍್ಯಾಮ್ ಹಾಕಿದ ಮಾರನೇ ದಿನವೇ ವೀಕಾಯ್ತಾ ಗುರು? ಫಾರ್ಮ್ಯಾಟ್ ವಿಷಯದಲ್ಲಿ ಇನ್ನೂ ಒಂದು ತಮಾಷೆ ಇದೆ. ಹೊಸ ವಿಂಡೋಸ್ ಫೈಲ್‌ಗಳೂ ಡಿಸ್ಕಿಗೆ ಹೋಗೋದು ಅದೇ ರ‍್ಯಾಮ್ ದಾಟ್ಕೊಂಡೇ. ರ‍್ಯಾಮ್ ಕೆಟ್ಟಿದ್ರೆ ಹೊಸ ವಿಂಡೋಸೂ ಕೆಡಬಹುದು.

ಸರಿ, ನಾವು ಏನ್ ಮಾಡಿದ್ವಿ. ಪ್ಲಗ್ ಕಿತ್ತು, ಪವರ್ ಬಟನ್ ಒಂದ್ಸಲ ಒತ್ತಿ, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ (ಮೈಯಲ್ಲಿರೋ ಸ್ಟ್ಯಾಟಿಕ್ ಹೋಗ್ಲಿ ಅಂತ) ಎರಡೂ ಸ್ಟಿಕ್ ತೆಗೆದು, ಟಕ್ ಅನ್ನೋವರೆಗೂ ಒತ್ತಿ ಮತ್ತೆ ಕೂರಿಸಿದ್ವಿ. ಎಷ್ಟೋ ಜನರ ಸಮಸ್ಯೆ ಇಲ್ಲೇ ಮುಗಿಯುತ್ತೆ. ನಮ್ಮದು ಮುಗೀಲಿಲ್ಲ. ಗೇಮಿಂಗ್ ಪಿಸಿ ಇರೋರು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಇದ್ರೆ ಆಫ್ ಮಾಡಿ ನೋಡಿ. ಅಕ್ಕನ ಡಬ್ಬದಲ್ಲಿ ಆ ಆಪ್ಷನ್ನೇ ಇಲ್ಲ.

ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನಸ್ಟಿಕ್ ಓಡಿಸಿದ್ವಿ. ತೊಂದರೆ ಏನೂ ಇಲ್ಲ ಅಂತು! ತುಂಬಾ ಜನ ಇಲ್ಲಿಗೇ ಬಿಟ್ಟು ಬೇರೆ ಕಡೆ ಹುಡುಕೋಕೆ ಹೋಗ್ತಾರೆ. ಬಿಡಬೇಡಿ. ಮೆಮ್‌ಟೆಸ್ಟ್86ಪ್ಲಸ್ ಅಂತ ಫ್ರೀ ಸಿಗುತ್ತೆ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿ. (ಆ ಪೆನ್‌ಡ್ರೈವ್‌ನಲ್ಲಿರೋದೆಲ್ಲಾ ಅಳಿಸಿ ಹೋಗುತ್ತೆ. ಬ್ಯಾಕಪ್ ಇರೋ ಡ್ರೈವನ್ನ ಮಾತ್ರ ಮುಟ್ಟಬೇಡಿ.) ಬೆಳಗ್ಗೆ ಎದ್ದು ನೋಡಿದ್ರೆ ಕೆಂಪು ಸಾಲುಗಳು.

ಈಗ ಯಾರದು ತಪ್ಪು, ಸ್ಟಿಕ್ಕಿಂದಾ ಸ್ಲಾಟಿಂದಾ? ಒಂದೊಂದೇ ಹಾಕಿ ನೋಡಬೇಕು. ಹಳೇ ಸ್ಟಿಕ್ ಎರಡೂ ಸ್ಲಾಟಲ್ಲಿ ಪಾಸ್. ಹೊಸದು ಎರಡರಲ್ಲೂ ಫೇಲ್. ಅಲ್ಲಿಗೆ ಮದರ್‌ಬೋರ್ಡ್ ನಿರಪರಾಧಿ. ಯಾವ ಸ್ಟಿಕ್ ಹಾಕಿದ್ರೂ ಒಂದೇ ಸ್ಲಾಟಲ್ಲಿ ಎರರ್ ಬಂದಿದ್ರೆ ಸ್ಲಾಟಿನ ತಪ್ಪು ಅನ್ನಬಹುದಿತ್ತು. ಒಂಟಿಯಾಗಿ ಎರಡೂ ಪಾಸಾಗಿ, ಜೊತೆಗೆ ಹಾಕಿದಾಗ ಮಾತ್ರ ಫೇಲಾಗಿದ್ರೆ ಹೊಂದಾಣಿಕೆ ಸಮಸ್ಯೆ, ಸ್ಪೀಡ್ ಕಡಿಮೆ ಮಾಡಿ ನೋಡ್ಬೇಕಿತ್ತು. ಸಾವಿರ ಎರರ್ ಬೇಕಿಲ್ಲ, ಹೀಗೆ ಒಂಟಿ ಸ್ಟಿಕ್‌ನಲ್ಲಿ ಒಂದು ಬಂದ್ರೂ ಅದನ್ನ ನಂಬೋ ಹಾಗಿಲ್ಲ. ಸ್ಕ್ರೀನಿನ ಫೋಟೋ ತೋರ್ಸಿದ ಮೇಲೆ ಅಂಗಡಿಯವರು ಮಾತಾಡದೆ ವಾರಂಟಿಗೆ ಇಸ್ಕೊಂಡ್ರು.

ಅಷ್ಟೊತ್ತಿಗೆ 16ನೇ ತಾರೀಕು. ಹಳೇ 4 ಜಿಬಿಯಲ್ಲಿ ಪಿಸಿ ಆರಾಮಾಗಿ ಓಡ್ತಿತ್ತು, ನಾನು ಮುಗೀತು ಅಂದ್ಕೊಂಡು ಬ್ಯಾಗ್ ಪ್ಯಾಕ್ ಮಾಡ್ತಿದ್ದೆ. ಅಕ್ಕ ಕೇಳಿದ್ಲು, "ಈ ನಾಲ್ಕು ದಿನ ನಾನು ಎಂಟ್ರಿ ಮಾಡಿದ್ದು?"

ನೀವು ಟೈಪ್ ಮಾಡಿದ ಅಂಕಿ ಮೊದಲು ರ‍್ಯಾಮ್‌ನಲ್ಲಿ ಕೂರುತ್ತೆ, ಆಮೇಲೆ ಡಿಸ್ಕಿಗೆ ಹೋಗುತ್ತೆ. ಕೆಟ್ಟ ರ‍್ಯಾಮ್‌ನಲ್ಲಿ ಒಂದೇ ಒಂದು ಬಿಟ್ ಉಲ್ಟಾ ಆದ್ರೆ ಸಾಕು. ಬೈನರಿಯಲ್ಲಿ 5400 ಅಂದ್ರೆ 4096+1024+256+16+8. ಅದರಲ್ಲಿ 4096ರ ಬಿಟ್ ಒಂದು ಹೋದ್ರೆ ಉಳಿಯೋದು 1304. ಡಿಸ್ಕ್ ಅದನ್ನೇ ನಿಷ್ಠೆಯಿಂದ ಬರ್ಕೊಳ್ಳುತ್ತೆ. ಸರ್ವರ್‌ಗಳಲ್ಲಿ ಇಂಥ ತಪ್ಪು ಹಿಡಿಯೋ ಇಸಿಸಿ ಮೆಮೊರಿ ಇರುತ್ತೆ, ನಮ್ಮ ಮನೆ ಪಿಸಿಗಳಲ್ಲಿ ಸಾಮಾನ್ಯವಾಗಿ ಇರಲ್ಲ. ಕ್ರ್ಯಾಶ್ ಆದ್ರೆ ಕಣ್ಣಿಗೆ ಕಾಣುತ್ತೆ, ಇದು ಕಾಣಲ್ಲ.

12ರ ಬೆಳಗ್ಗೆ, ರ‍್ಯಾಮ್ ಹಾಕೋಕೆ ಮುಂಚೆ, ಅಕ್ಕ ಪೆನ್‌ಡ್ರೈವ್‌ಗೆ ಟ್ಯಾಲಿ ಬ್ಯಾಕಪ್ ತಗೊಂಡಿದ್ಲು. ಅದನ್ನ ಬೇರೆ ಫೋಲ್ಡರಿಗೆ ರಿಸ್ಟೋರ್ ಮಾಡಿದ್ವಿ. ಮೊದಲಿನದನ್ನ ಅಳಿಸಲಿಲ್ಲ, ಹೋಲಿಸೋಕೆ ಬೇಕಲ್ಲ. ಎರಡು ರಾತ್ರಿ ನಾನು ಬಿಲ್ ಓದೋದು, ಅವಳು ಎಂಟ್ರಿ ಮಾಡೋದು. ಕೊಬ್ಬರಿ ಕ್ವಿಂಟಲ್ ರೇಟು ಈಗ ನನಗೆ ಕನಸಲ್ಲೂ ಬರುತ್ತೆ. 18ರ ರಾತ್ರಿ ಎರಡೂ ಡೇ ಬುಕ್ ಪಕ್ಕ ಪಕ್ಕ ಇಟ್ಟು ನೋಡಿದ್ವಿ. ಒಂದು ಪೈಸೆ ವ್ಯತ್ಯಾಸ ಇಲ್ಲ!

"ಅಯ್ಯೋ, ಎರಡು ರಾತ್ರಿ ದಂಡ ಆಯ್ತಲ್ಲಕ್ಕ" ಅಂದೆ.

"ಆಗ್ಲಿ ಬಿಡೋ, ಆ ದಂಡಕ್ಕಿಂತ ಈ ದಂಡ ವಾಸಿ" ಅಂದು ಲೈಟ್ ಆರಿಸಿ ಮಲಗಿದ್ಲು.

19ಕ್ಕೆ ನಾಲ್ಕೂ ರಿಟರ್ನ್ ಹೋಯ್ತು. ಬದಲಿ ಸ್ಟಿಕ್ ಬಂದಿದ್ದು ಮುಂದಿನ ತಿಂಗಳು. ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್ ಪಾಸಾಗಲಿ, ಆಮೇಲೆ ಟ್ಯಾಲಿ ತೆಗೀತೀನಿ ಅಂತ ಅಕ್ಕ ಹಠ ಹಿಡಿದ್ಲು. ಪಾಸಾಯ್ತು. ಈಗ 12 ಜಿಬಿ. ನಿಮ್ಮ ಪಿಸಿಯಲ್ಲಿ ಯಾವ ಕೋಡ್ ಬರ್ತಿದೆ ಅಂತ ಫೋಟೋ ಸಮೇತ ಕಳಿಸಿ, ಭಾನುವಾರ ಕೂತು ನೋಡೋಣ.