ಹಕ್ಕಿಯ ಪಾಲು

ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದವರ ಎದುರು ನೀರುಕಾಗೆಯನ್ನು ಹೊಗಳಬಾರದು. ಹುಲಿಯೂರುದುರ್ಗದ ಟೀ ಅಂಗಡಿಯ ಮುಂದೆ ನಾನು ಹೊಗಳಿದೆ: "ಬಂಡೆ ಮೇಲೆ ರೆಕ್ಕೆ ಹರಡ್ಕೊಂಡು ಕೂತ್ರೆ ಎಷ್ಟು ಚೆಂದ!" ಪಕ್ಕದಲ್ಲಿದ್ದ ಗುತ್ತಿಗೆದಾರರು ಲೋಟ ಇಟ್ಟರು. "ಚೆಂದ ಕಾಣ್ದೆ ಏನ್ ಸ್ವಾಮಿ? ಉಂಡಿರೋದು ನಮ್ ಕಾಟ್ಲಾ ಮರಿ."

ರೆಕ್ಕೆ ಹರಡುವುದು ಉಂಡ ಸಂತೋಷಕ್ಕಲ್ಲ. ಬಾತುಕೋಳಿಯ ಗರಿಯಿಂದ ನೀರು ಜಾರಿಹೋಗುತ್ತದೆ, ನೀರುಕಾಗೆಯದು ನೆನೆಯುತ್ತದೆ. ನೆನೆಯುವುದರಿಂದಲೇ ಸಲೀಸಾಗಿ ಮುಳುಗುತ್ತದೆ, ಆಮೇಲೆ ಬಿಸಿಲು ಕಾಯುತ್ತದೆ. ಜಪಾನಿನ ನಾಗರಾ ನದಿಯಲ್ಲಿ ಇದೇ ಕುಟುಂಬದ ಹಕ್ಕಿಗಳ ಕುತ್ತಿಗೆಗೆ ದಾರ ಕಟ್ಟಿ ಮೀನು ಹಿಡಿಸುತ್ತಾರೆ. ದೊಡ್ಡ ಮೀನು ಗಂಟಲಲ್ಲಿ ಇಳಿಯದು, ದೋಣಿಗೆ ತಂದು ಕಕ್ಕುತ್ತವೆ. ಇಷ್ಟು ಹೇಳಿದ ಮೇಲೆ ಅವರ ಮುಖ ಅರಳಿತು. "ಆ ದಾರ ಎಲ್ಲಿ ಸಿಗ್ತದೆ?"

ಅವರ ಕಷ್ಟ ಸುಳ್ಳಲ್ಲ. ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬೆರಳುದ್ದ ಇರುವಾಗ ಬಿಡುತ್ತಾರೆ. ಹಕ್ಕಿಗಳ ಗಂಟಲಿಗೆ ಹೇಳಿ ಮಾಡಿಸಿದ ಅಳತೆ. ಬಲಿತ ಮರಿ ಬಿಡೋಣವೆಂದರೆ ಬೆಲೆ ಜಾಸ್ತಿ. ಕೃಷಿಹೊಂಡಕ್ಕಾದರೆ ಬಲೆ ಹೊದಿಸಬಹುದು, ಕೆರೆಗೆ ಚಪ್ಪರ ಹಾಕುವವರು ಯಾರು? ಕೋವಿ ಎತ್ತುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಹಳೇ ಕ್ಯಾಸೆಟ್ಟಿನ ಟೇಪು ಕಟ್ಟಿದರೆ ಕೆಲವು ದಿನ ಹೆದರಿ, ಆಮೇಲೆ ಟೇಪು ಕಟ್ಟಿದ ಗೂಟದ ಮೇಲೇ ಬಂದು ಕೂರುತ್ತವೆ.

ಆದರೂ ಹಕ್ಕಿ ತಿನ್ನುವುದು ಹಗಲಲ್ಲಿ, ಊರೆಲ್ಲ ನೋಡುವಾಗ. ರಾತ್ರಿ ಬಲೆ ಬೀಸಿದವನದೂ, ಬೇಸಗೆಗೆ ನೀರು ಬತ್ತಿ ಸತ್ತ ಮರಿಗಳದೂ ಅದರ ಲೆಕ್ಕಕ್ಕೇ ಬೀಳುತ್ತದೆಂದು ನನ್ನ ಗುಮಾನಿ. ಯಾರೂ ಬಿಡದ ಕಸಮೀನನ್ನೂ ಅದು ತಿನ್ನುತ್ತದೆ; ಅದನ್ನು ಮಾತ್ರ ಯಾರೂ ಜಮೆ ಹಿಡಿಯುವುದಿಲ್ಲ.

ಮೀನು ತಿನ್ನುವುದು ನೀರುಕಾಗೆಯೊಂದೇ ಅಲ್ಲ. ಮಾರ್ಕೋನಹಳ್ಳಿ ಜಲಾಶಯ ದಾಟಿದ ಶಿಂಷಾ ನದಿ ಮದ್ದೂರಿನ ಕಡೆ ಇಳಿಯುತ್ತದೆ. ಆ ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆ ಪಕ್ಕದ ಹುಣಸೆಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಗೂಡು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮರದಡಿಯ ಹಿಕ್ಕೆ ಅಲ್ಲಿನ ಹೊಲಗಳಿಗೆ ಗೊಬ್ಬರ. ಅಂದರೆ ಯಾವುದೋ ಕೆರೆಯ ಗುತ್ತಿಗೆದಾರ ದುಡ್ಡು ಕೊಟ್ಟು ಬಿಟ್ಟ ಮರಿ, ಇನ್ನಾವುದೋ ಊರಿನ ರೈತನ ಬೆಳೆಗೆ ಪುಕ್ಕಟೆ ಸಾರ. ಕೆರೆಯ ಗುತ್ತಿಗೆ ಮೀನುಗಾರಿಕೆ ಇಲಾಖೆಯದು, ಹಕ್ಕಿ ಅರಣ್ಯ ಇಲಾಖೆಯದು. ಆ ಕಡತ ಈ ಮೇಜಿಗೆ ಬರುವುದಿಲ್ಲ.

"ಹಕ್ಕಿ ತಿಂದಿದ್ದಕ್ಕೆ ಗುತ್ತಿಗೆ ಹಣದಲ್ಲಿ ಒಂದಿಷ್ಟು ಬಿಡಿ ಅಂತ ಅರ್ಜಿ ಕೊಡಿ" ಎಂದೆ.

"ಬರ್ಕೊಡಿ ಸ್ವಾಮಿ," ಎಂದರು, "ಸಾಕ್ಷಿಗೆ ಹಕ್ಕಿ ಕೈಲೇ ಸೈನ್ ಹಾಕಿಸ್ತೀನಿ."